ಒಮ್ನಿಯ ಹಿಂದಿನ ಆಕ್ಸಲ್ ಕೂಗಿದರೆ: ಬಿಚ್ಚುವ ಮೊದಲು ಗುರುತು, ಕೂಡಿಸುವ ಮೊದಲು ಅಳತೆ

ಹಳೆಯ ಒಮ್ನಿ ಹಿಂದಿನಿಂದ 'ಊಂ' ಅಂತ ಕೂಗಲು ಶುರು ಮಾಡಿದರೆ ನಮ್ಮವರಲ್ಲಿ ಹೆಚ್ಚಿನವರು ಮೊದಲು ಮಾಡುವುದು ಒಂದೇ ಕೆಲಸ, ಪಾಟಿನ ಶಬ್ದ ಜಾಸ್ತಿ ಮಾಡುವುದು. ಕೂಗು ಪಾಟನ್ನೂ ಮೀರಿದ ಮೇಲೆ ಗ್ಯಾರೇಜಿನ ನೆನಪಾಗುತ್ತದೆ. ಅಷ್ಟರಲ್ಲಿ ಒಂದು ಬೇರಿಂಗ್‌ನಲ್ಲಿ ಮುಗಿಯಬೇಕಾದ ಕೆಲಸ ಗೇರ್‌ಗಳನ್ನೂ ತಿಂದಿರುತ್ತದೆ.

ಮಾರುತಿಯ ಈ ವ್ಯಾನ್ ಮಾರುಕಟ್ಟೆಗೆ ಬಂದದ್ದು 1984ರಲ್ಲಿ, ತಯಾರಿ ನಿಂತದ್ದು 2019ರಲ್ಲಿ. ಆದರೆ ನಮ್ಮ ಊರುಗಳ ರಸ್ತೆಯಲ್ಲಿ ಅದು ಇನ್ನೂ ನಿಂತಿಲ್ಲ. ದಕ್ಕೆಯಿಂದ ಮೀನು ತರುವುದಕ್ಕೆ, ಮದುವೆ ಮನೆಗೆ ಅಡುಗೆಯ ಪಾತ್ರೆ ಸಾಗಿಸುವುದಕ್ಕೆ, ಗುಜರಿ ಹೆಕ್ಕುವುದಕ್ಕೆ, ಮಕ್ಕಳನ್ನು ಶಾಲೆಗೆ ಬಿಡುವುದಕ್ಕೆ ಅದೇ ಗಾಡಿ. ಎಷ್ಟೋ ಮನೆಗಳ ಒಲೆ ಉರಿಯುವುದು ಆ ಒಂದು ಗಾಡಿ ಓಡುವುದರಿಂದ. ಅದು ಮೂರು ದಿನ ಅಂಗಳದಲ್ಲಿ ನಿಂತರೆ ಮೂರು ದಿನದ ಸಂಪಾದನೆ ಹೋಯಿತು.

ನಮ್ಮ ಜಮಾಅತಿನ ಒಬ್ಬ ಮೀನು ವ್ಯಾಪಾರಿಯ ಒಮ್ನಿಗೆ ಕಳೆದ ಬೇಸಿಗೆಯಲ್ಲಿ ಇದೇ ಕಾಯಿಲೆ ಬಂತು. ಅವರ ಮಗ ಡಿಪ್ಲೊಮಾ ಓದುವ ಹುಡುಗ, ಫೋನಿನಲ್ಲಿ ವಿಡಿಯೊ ನೋಡಿ, "ಉಪ್ಪಾ, ನಾವೇ ಬಿಚ್ಚುವ, ಮನೆಯಲ್ಲೇ ಆಗ್ತದೆ" ಅಂದ. ತಂದೆ, "ಬೇಡ ಮೋನೇ, ಬಿಚ್ಚಲಿಕ್ಕೆ ಎಲ್ಲರಿಗೂ ಬರ್ತದೆ, ಕೂಡಿಸುವವ ಯಾರು?" ಅಂದರು. ನನ್ನ ಸೋದರ ಮಾವ ಸೌದಿಯಲ್ಲಿ ಬಹಳ ವರ್ಷ ಮೆಕ್ಯಾನಿಕ್ ಆಗಿದ್ದು, ಈಗ ಊರಲ್ಲೇ ಸಣ್ಣ ಶೆಡ್ ಇಟ್ಟುಕೊಂಡವರು. ಆ ನಂಟಿನಿಂದ ತಂದೆ-ಮಗನ ಪಂಚಾಯಿತಿ ನನ್ನ ತನಕ ಬಂತು. ಕೊನೆಗೆ ಎರಡು ಭಾನುವಾರ, ಮದ್ರಸ ಬಿಟ್ಟ ಮೇಲೆ, ಮಾವನ ಕಣ್ಣಳತೆಯಲ್ಲಿ ಆ ಕೆಲಸ ಮನೆಯಂಗಳದಲ್ಲೇ ಆಯಿತು. ಅದರಲ್ಲಿ ಕಂಡದ್ದನ್ನೂ ಮಾವ ಹೇಳಿಕೊಟ್ಟದ್ದನ್ನೂ ಕ್ರಮವಾಗಿ ಬರೆದರೆ ಇನ್ನು ಕೆಲವರಿಗೆ ಉಪಕಾರ ಆದೀತು.

ಎಂತಕ್ಕೆ ಇರುವುದು ಇದು?

ಒಮ್ನಿಯ ಇಂಜಿನ್ ಮುಂದಿನ ಸೀಟಿನ ಅಡಿಯಲ್ಲಿ, ಆದರೆ ಗಾಡಿಯನ್ನು ದೂಡುವುದು ಹಿಂದಿನ ಚಕ್ರ. ಶಕ್ತಿ ಉದ್ದದ ಒಂದು ಶಾಫ್ಟ್‌ನಲ್ಲಿ ಹಿಂದಕ್ಕೆ ಹೋಗುತ್ತದೆ. ಹಿಂದಿನ ಆಕ್ಸಲ್‌ನ ಮಧ್ಯೆ ಹೊಟ್ಟೆಯ ಹಾಗೆ ಉಬ್ಬಿದ ಜಾಗ ಉಂಟಲ್ಲ, ಅದರೊಳಗೆ ಪಿನಿಯನ್ ಎಂಬ ಸಣ್ಣ ಗೇರ್, ಕ್ರೌನ್ ಎಂಬ ದೊಡ್ಡ ಗೇರನ್ನು ತಿರುಗಿಸುತ್ತದೆ. ಕ್ರೌನ್‌ಗೆ ಅಂಟಿಕೊಂಡ ಪೆಟ್ಟಿಗೆಯೊಳಗೆ ಇನ್ನು ನಾಲ್ಕು ಸಣ್ಣ ಗೇರ್‌ಗಳು. ಅವೇ ಡಿಫರೆನ್ಶಿಯಲ್.

ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದ್ದಕ್ಕಿಂತ ಹೆಚ್ಚು ದಾರಿ ಓಡಬೇಕು. ಎರಡು ಚಕ್ರಗಳ ನಡುವೆ 1.2 ಮೀಟರ್ ಅಂತರ ಇದ್ದರೆ, ಗಾಡಿ ಪೂರ್ತಿ ಒಂದು ಸುತ್ತು ಬರುವಾಗ ಹೊರಗಿನ ಚಕ್ರ ಸುಮಾರು ಏಳೂವರೆ ಮೀಟರ್ ಹೆಚ್ಚು ಓಡುತ್ತದೆ. ಎರಡಕ್ಕೂ ಒಂದೇ ಸರಳು ಹಾಕಿ ಬಿಗಿದರೆ ಒಂದು ಟೈರ್ ರಸ್ತೆಯನ್ನು ಉಜ್ಜುತ್ತಲೇ ಹೋಗಬೇಕು. ಆ ಹೆಚ್ಚು ಕಡಿಮೆಯನ್ನು ಹಂಚಿಕೊಡುವುದು ಡಿಫರೆನ್ಶಿಯಲ್. ಫ್ರಾನ್ಸಿನ ಒನೆಸಿಫೋರ್ ಪೆಕ್ಯೋರ್ ಎಂಬ ಗಡಿಯಾರದ ಕೆಲಸಗಾರ 1820ರ ದಶಕದ ಕೊನೆಯಲ್ಲಿ ಉಗಿ ಗಾಡಿಗೆ ಇದನ್ನು ಹಾಕಿ ಪೇಟೆಂಟ್ ಪಡೆದಿದ್ದ. ಗಡಿಯಾರದವನ ಕೈಯಿಂದ ಬಂದದ್ದು ಅಂತ ನೆನಪಿಟ್ಟರೆ ಸಾಕು, ಇದರ ಮೇಲೆ ಸುತ್ತಿಗೆ ಬೀಸಲು ಮನಸ್ಸು ಬರುವುದಿಲ್ಲ.

ಒಂದು ಮಾತು. ಆಲ್ಟೊ, ಸ್ವಿಫ್ಟ್‌ನಂತಹ ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಡಿಫರೆನ್ಶಿಯಲ್ ಗೇರ್‌ಬಾಕ್ಸ್‌ನ ಒಳಗೇ ಇರುತ್ತದೆ. ಇಲ್ಲಿ ಬರೆದದ್ದು ಅವಕ್ಕೆ ಅಲ್ಲ.

ಕೂಗು ಎಲ್ಲಿಂದ?

ಬಿಚ್ಚುವ ಮೊದಲು ಕಿವಿಗೊಟ್ಟು ಕೇಳಬೇಕು. ಆಕ್ಸಲರೇಟರ್ ಒತ್ತಿದಾಗ ಮಾತ್ರ ಕೂಗಿ, ಬಿಟ್ಟಾಗ ನಿಂತರೆ, ಅಥವಾ ಬಿಟ್ಟಾಗ ಮಾತ್ರ ಕೂಗಿದರೆ, ಕ್ರೌನ್-ಪಿನಿಯನ್ ಅಥವಾ ಪಿನಿಯನ್ ಬೇರಿಂಗ್ ಮೇಲೆ ಅನುಮಾನ. ಒತ್ತಿದರೂ ಬಿಟ್ಟರೂ ಗಾಡಿಯ ವೇಗದ ಜೊತೆಗೆ ಏರುವ ಗುರುಗುರು ಬೇರಿಂಗ್‌ನದ್ದು. ತಿರುವಿನಲ್ಲಿ ಮಾತ್ರ ಶಬ್ದ ಬಂದರೆ ಒಳಗಿನ ಸಣ್ಣ ಗೇರ್ ಅಥವಾ ಚಕ್ರದ ಬೇರಿಂಗ್ ಇರಬಹುದು. ಗೇರ್ ಹಾಕಿ ಕ್ಲಚ್ ಬಿಡುವಾಗ 'ಟಕ್' ಅಂದರೆ ಮೊದಲು ಶಾಫ್ಟ್‌ನ ಕ್ರಾಸ್ ನೋಡಿ. ಹೆಚ್ಚಿನ ಸಲ ಅದೇ ಸವೆದಿರುತ್ತದೆ, ಆಕ್ಸಲ್ ಮುಟ್ಟುವ ಅಗತ್ಯವೇ ಬರುವುದಿಲ್ಲ. ಸವೆದ ಟೈರ್ ಕೂಡ ಥೇಟ್ ಡಿಫರೆನ್ಶಿಯಲ್ ಹಾಗೇ ಕೂಗುತ್ತದೆ. ಟೈರ್ ಅದಲು ಬದಲು ಮಾಡಿ ನೋಡುವುದಕ್ಕೆ ಏನೂ ಖರ್ಚಿಲ್ಲ.

ಆಮೇಲೆ ಎಣ್ಣೆ ನೋಡಬೇಕು. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಎಣ್ಣೆ ತುಂಬುವ ತಿರುಪು ತೆಗೆದರೆ ಎಣ್ಣೆ ಆ ತೂತಿನ ಕೆಳಅಂಚಿನ ತನಕ ಇರಬೇಕು. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ ಎಂದರ್ಥ. ನಮ್ಮ ಮಳೆಗಾಲಕ್ಕೆ ಇದು ಸಾಮಾನ್ಯ. ಓಡಿ ಬಿಸಿಯಾದ ಆಕ್ಸಲ್ ನೀರು ತುಂಬಿದ ರಸ್ತೆಗೆ ಇಳಿದಾಗ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಸೀಲಿನ ಸಂದಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಇದಾಗಬಾರದು ಅಂತಲೇ ಆಕ್ಸಲ್ ಮೇಲೆ ಗಾಳಿ ಆಡುವ ಒಂದು ಸಣ್ಣ ಬ್ರೀದರ್ ಇಟ್ಟಿರುತ್ತಾರೆ. ಅದು ಕೆಸರಿನಿಂದ ಮುಚ್ಚಿದರೆ ಒಂದೋ ನೀರು ಒಳಗೆ ಬರುತ್ತದೆ, ಇಲ್ಲವೇ ಬಿಸಿಗೆ ಎಣ್ಣೆ ಸೀಲಿನಿಂದ ಹೊರಗೆ ಬರುತ್ತದೆ.

ಮೀನಿನ ಒಮ್ನಿಯಲ್ಲಿ ಆದದ್ದು ಎರಡನೆಯದ್ದು. ಪಿನಿಯನ್ ಸೀಲ್ ಸೋರಿ ಎಣ್ಣೆ ತಗ್ಗಿತ್ತು. ಎಣ್ಣೆ ತಗ್ಗಿದಾಗ ಮೊದಲು ಒಣಗುವುದು ಪಿನಿಯನ್ನಿನ ಮುಂದಿನ ಬೇರಿಂಗ್. ಕೂಗುತ್ತಿದ್ದದ್ದು ಅದೇ.

ಕೆಂಪುಕಲ್ಲಿನ ಮೇಲೆ ಗಾಡಿ ಬೇಡ

ಈ ಒಂದು ಭಾಗವನ್ನು ದಯವಿಟ್ಟು ಮನೆಯ ಹುಡುಗರಿಗೆ ಓದಿ ಹೇಳಿ.

ನಮ್ಮ ಕಡೆ ಪ್ರತಿ ಅಂಗಳದ ಮೂಲೆಯಲ್ಲಿ ನಾಲ್ಕು ಕೆಂಪುಕಲ್ಲು ಬಿದ್ದಿರುತ್ತದೆ. ಗಾಡಿ ಎತ್ತಿ, ಅದನ್ನೇ ಅಡಿಗೆ ಇಟ್ಟು, ಜಾಕ್ ತೆಗೆದು ಒಳಗೆ ನುಗ್ಗುವವರು ಇದ್ದಾರೆ. ಕೆಂಪುಕಲ್ಲು ಗೋಡೆಗೆ ಒಳ್ಳೆಯದು, ಯಾಕೆಂದರೆ ಅಲ್ಲಿ ಭಾರ ಇಡೀ ಕಲ್ಲಿನ ಮೇಲೆ ಹರಡುತ್ತದೆ. ಆಕ್ಸಲ್‌ನ ಭಾರ ಬೀಳುವುದು ಎರಡು ಬೆರಳಗಲದ ಜಾಗದಲ್ಲಿ. ಅಲ್ಲಿ ಕಲ್ಲು ಪುಡಿಯಾಗುತ್ತದೆ, ಇಲ್ಲವೇ ಸೀಳುತ್ತದೆ, ಅದೂ ಮುನ್ಸೂಚನೆ ಕೊಡದೆ. ತೂತಿನ ಸಿಮೆಂಟ್ ಬ್ಲಾಕ್ ಅದಕ್ಕಿಂತಲೂ ಕೆಟ್ಟದ್ದು. ಬರೀ ಜಾಕ್ ನಂಬುವ ಹಾಗೂ ಇಲ್ಲ, ಅದು ಎತ್ತುವುದಕ್ಕೆ ಇರುವುದು, ಹಿಡಿದು ನಿಲ್ಲಿಸುವುದಕ್ಕೆ ಅಲ್ಲ. ಕಬ್ಬಿಣದ ಸ್ಟಾಂಡ್ ಎರಡು ಬೇಕೇ ಬೇಕು. ಅವುಗಳ ಅಡಿಯಲ್ಲಿ ಕಾಂಕ್ರೀಟ್ ನೆಲ ಇಲ್ಲದಿದ್ದರೆ ದಪ್ಪ ಹಲಗೆ ಹಾಕಬೇಕು.

ಇನ್ನೊಂದು ವಿಷಯ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಒಮ್ನಿಯ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನು, ಗೇರ್‌ನಲ್ಲಿ ಇಟ್ಟರೂ ಅದು ಹಿಡಿಯುವುದು ಹಿಂದಿನದ್ದನ್ನೇ. ಹಿಂಭಾಗ ಎತ್ತಿದ ಮೇಲೆ ಗಾಡಿಯನ್ನು ತಡೆಯಲು ಏನೂ ಇಲ್ಲ. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ಅಡ್ಡೆ ಇಡಬೇಕು. ಸ್ಟಾಂಡ್ ಇಟ್ಟಾದ ಮೇಲೆ ಒಳಗೆ ಹೋಗುವ ಮೊದಲು ಗಾಡಿಯನ್ನು ಕೈಯಿಂದ ಚೆನ್ನಾಗಿ ಅಲುಗಿಸಿ ನೋಡಬೇಕು. ಅಲುಗಿ ಬೀಳುವುದಿದ್ದರೆ ಆಗಲೇ ಬೀಳಲಿ. ಮಾವ ತನ್ನ ಶೆಡ್‌ನಿಂದ ಸ್ಟಾಂಡ್ ತರುವ ತನಕ ಹುಡುಗನಿಗೆ ಒಂದು ಸ್ಪಾನರ್ ಕೂಡ ಕೊಡಲಿಲ್ಲ.

ಬಿಚ್ಚುವ ಕ್ರಮ

ಮೊದಲು ಬಿಚ್ಚಬೇಕಾದದ್ದು ಎಣ್ಣೆ ತುಂಬುವ ತಿರುಪು, ಎಣ್ಣೆ ಇಳಿಸುವ ತಿರುಪು ಅಲ್ಲ. ಕೆಳಗಿನದ್ದು ತೆಗೆದು ಎಣ್ಣೆ ಖಾಲಿ ಮಾಡಿದ ಮೇಲೆ ಮೇಲಿನದ್ದು ತುಕ್ಕು ಹಿಡಿದು ಬರದೇ ಹೋದರೆ ಗಾಡಿ ಅಲ್ಲೇ ಉಳಿಯಿತು. ಇಳಿದ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ನೋಡಿ. ಬೂದು ಬಣ್ಣದ ನಯವಾದ ಪೇಸ್ಟ್ ಇದ್ದರೆ ಅದು ವಯಸ್ಸಿನ ಸವೆತ. ಚೂರು, ಪದರ ಸಿಕ್ಕಿದರೆ ಒಳಗೆ ಏನೋ ಒಡೆದಿದೆ.

ಶಾಫ್ಟ್ ಬಿಚ್ಚುವ ಮೊದಲು ಅದರ ಫ್ಲ್ಯಾಂಜಿಗೂ ಪಿನಿಯನ್ ಫ್ಲ್ಯಾಂಜಿಗೂ ಸೇರಿಸಿ ಬಣ್ಣದಲ್ಲಿ ಒಂದು ಗೆರೆ ಎಳೆಯಬೇಕು. ಮರಳಿ ಅದೇ ಗೆರೆಗೆ ಕೂರಿಸದಿದ್ದರೆ ಇಲ್ಲದ ನಡುಕ ಹುಟ್ಟಿಕೊಳ್ಳಬಹುದು. ನಂತರ ಬ್ರೇಕ್ ಡ್ರಮ್, ಅದರ ಹಿಂದಿನ ತಟ್ಟೆಯ ನಟ್‌ಗಳು, ಆಮೇಲೆ ಆಕ್ಸಲ್ ಶಾಫ್ಟ್. ಆಕ್ಸಲ್ ಸುಮ್ಮನೆ ಬರುವುದಿಲ್ಲ. ಸರಳಿನ ಮೇಲೆ ಭಾರ ಜಾರಿಸಿ ಹೊಡೆಯುವ ಪುಲ್ಲರ್ ಇದ್ದರೆ ಒಳ್ಳೆಯದು. ಇಲ್ಲದವರು ಡ್ರಮ್ಮನ್ನು ತಿರುಗಿಸಿ ನಟ್ ಸಡಿಲವಾಗಿ ಹಾಕಿ, ಅದನ್ನೇ ಎಳೆದೆಳೆದು ಹೊಡೆಯುತ್ತಾರೆ. ಎರಡೂ ಕಡೆ ಆಕ್ಸಲ್ ಸ್ವಲ್ಪ ಹೊರಗೆ ಬಂದು ಒಳಗಿನ ಗೇರ್‌ನಿಂದ ಬಿಟ್ಟುಕೊಂಡರೆ ಸಾಕು. ಬ್ರೇಕ್ ಪೈಪ್ ಬಿಚ್ಚಬೇಕಾಗಿ ಬಂದರೆ ಕೊನೆಗೆ ಬ್ರೇಕಿನ ಗಾಳಿ ತೆಗೆಯುವ ಕೆಲಸ ಉಂಟು ಅಂತ ಆಗಲೇ ಚೀಟಿಯಲ್ಲಿ ಬರೆದಿಡಿ.

ಇಷ್ಟಾದ ಮೇಲೆ ಹೊಟ್ಟೆಯ ಮುಂಭಾಗದ ಸುತ್ತಲಿನ ನಟ್ ತೆಗೆದರೆ ಗೇರ್‌ಗಳೆಲ್ಲ ಇರುವ ಕ್ಯಾರಿಯರ್ ಇಡಿಯಾಗಿ ಹೊರಗೆ ಬರುತ್ತದೆ. ನೋಡಲು ಸಣ್ಣದು, ಭಾರ ಚೆನ್ನಾಗಿಯೇ ಉಂಟು. ಮಲಗಿದವನ ಎದೆಯ ಮೇಲೆ ಬೀಳದ ಹಾಗೆ ಅಡಿಯಲ್ಲಿ ಜಾಕ್ ಇಡಬೇಕು, ಒಬ್ಬರೇ ಮಾಡಬಾರದು.

ಮೇಜಿನ ಮೇಲೆ

ಮೊದಲ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಕ್ಯಾರಿಯರ್ ಮೇಜಿನ ಮೇಲಿತ್ತು. ಹುಡುಗ ಕೂಡಲೇ ಬೋಲ್ಟಿಗೆ ಸ್ಪಾನರ್ ಹಾಕಲು ಹೋದ. ಮಾವ ಕೈ ಹಿಡಿದರು. "ಈಗ ಇದು ಹೇಗೆ ಕೂತಿದೆಯೋ ಅದನ್ನು ಮೊದಲು ಬರೆದುಕೋ. ಬಿಚ್ಚಿದ ಮೇಲೆ ಕೇಳಿದರೆ ಅದು ಹೇಳುವುದಿಲ್ಲ."

ಬರೆಯಬೇಕಾದದ್ದು ಇಷ್ಟು. ಪಿನಿಯನ್ ಗಟ್ಟಿ ಹಿಡಿದು ಕ್ರೌನ್ ಅಲುಗಿಸಿದರೆ ಎಷ್ಟು ಸಡಿಲ ಇದೆ ಎಂಬ ಲೆಕ್ಕ, ಗ್ಯಾರೇಜಿನವರು ಇದನ್ನು ಬ್ಯಾಕ್‌ಲ್ಯಾಶ್ ಅನ್ನುತ್ತಾರೆ. ಇದಕ್ಕೆ ಡಯಲ್ ಗೇಜ್ ಬೇಕು, ಯಾಕೆಂದರೆ ಅಳತೆ ಇರುವುದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ. ನಿಮ್ಮ ಗಾಡಿಯ ಸರಿಯಾದ ಅಂಕಿ ಅದರ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ಎರಡು ಬದಿಯ ಬೇರಿಂಗ್ ಕ್ಯಾಪ್‌ಗಳಿಗೆ ಪಂಚ್‌ನಿಂದ ಗುರುತು, ಎಡಕ್ಕೆ ಒಂದು ಚುಕ್ಕೆ, ಬಲಕ್ಕೆ ಎರಡು. ಈ ಕ್ಯಾಪ್‌ಗಳನ್ನು ಅದರದ್ದೇ ಜಾಗದಲ್ಲಿ ಕೂರಿಸಿ ಕೊರೆದದ್ದು, ಅದಲು ಬದಲಾದರೆ ಬೇರಿಂಗ್ ಸರಿಯಾಗಿ ಕೂರುವುದಿಲ್ಲ. ಬದಿಯಲ್ಲಿ ತಿರುಪಿನ ಬಳೆ ಇರುವ ಗಾಡಿಯಾದರೆ ಎಷ್ಟು ಸುತ್ತು ಬಿಚ್ಚಿದಿರಿ ಎಂಬ ಲೆಕ್ಕ, ಶಿಮ್ ಇರುವ ಗಾಡಿಯಾದರೆ ಯಾವ ಬದಿಯಲ್ಲಿ ಎಷ್ಟು ದಪ್ಪದ್ದು ಎಂಬ ಲೆಕ್ಕ.

ಮಗನ ಹಳೆಯ ನೋಟ್‌ಬುಕ್ಕಿನ ಒಂದು ಪುಟ ಇದರಿಂದ ತುಂಬಿತು. ಆಮೇಲೆಯೇ ಸ್ಪಾನರ್.

ಬಿಚ್ಚಿದಾಗ ಕಂಡದ್ದು, ಗೇರ್‌ಗಳ ಹಲ್ಲು ಒಳ್ಳೆಯದಿತ್ತು, ಪಿನಿಯನ್ ಬೇರಿಂಗ್‌ನ ರೋಲರ್‌ಗಳ ಮೇಲೆ ಸಿಡುಬಿನ ಕಲೆಯ ಹಾಗೆ ಹೊಂಡ. ಗೇರ್ ಹೋಗಿದ್ದರೆ ಕ್ರೌನ್ ಮತ್ತು ಪಿನಿಯನ್ ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕಿತ್ತು. ಅವನ್ನು ತಯಾರಿಸುವಾಗಲೇ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. "ಪಿನಿಯನ್ ಮಾತ್ರ ಹಾಕುವ, ಖರ್ಚು ಕಡಿಮೆ" ಅನ್ನುವವರ ಮಾತು ಕೇಳಿದರೆ ಕೂಗು ನಿಲ್ಲುವುದಿಲ್ಲ, ಖರ್ಚು ಎರಡು ಸಲ.

ಮೀನಿನ ತಕ್ಕಡಿಗೆ ಬಂದ ಕೆಲಸ

ಹೊಸ ಬೇರಿಂಗ್ ಕೂರಿಸುವುದಕ್ಕೆ ಮಾವನ ಶೆಡ್‌ಗೆ ಹೋಗಬೇಕಾಯಿತು. ಹಳೆಯದನ್ನು ತೆಗೆಯುವುದಕ್ಕೆ ಪ್ರೆಸ್ ಬೇಕು, ಮನೆಯಲ್ಲಿ ಉಳಿ-ಸುತ್ತಿಗೆ ಹಿಡಿದರೆ ಪಿನಿಯನ್ನೇ ಹಾಳು. ಹೊಸದನ್ನು ಎಣ್ಣೆಯಲ್ಲಿ ಬಿಸಿ ಮಾಡಿದರೆ ಸ್ವಲ್ಪ ಹಿಗ್ಗಿ ಸುಲಭವಾಗಿ ಕೂರುತ್ತದೆ. ಆದರೆ ಬಿಸಿ 120 ಡಿಗ್ರಿ ದಾಟಬಾರದು, ಗ್ಯಾಸ್ ಬೆಂಕಿ ನೇರ ಹಿಡಿಯಲೇಬಾರದು, ಉಕ್ಕಿನ ಹದ ಹೋಗುತ್ತದೆ. ಪಿನಿಯನ್ನಿನ ಹಿಂದೆ ಇದ್ದ ಶಿಮ್ ಅಳೆದು ಅದೇ ದಪ್ಪದ್ದನ್ನೇ ಹಾಕಿದರು. ಗೇರ್ ಹಳೆಯದೇ ಆದಾಗ ಅಲ್ಲಿಂದಲೇ ಶುರು ಮಾಡುವುದು ಸರಿ.

ಇನ್ನು ಪಿನಿಯನ್ ನಟ್. ಎರಡು ಬೇರಿಂಗ್‌ಗಳ ಮಧ್ಯೆ ತೆಳ್ಳಗಿನ ಒಂದು ಕೊಳವೆ ಇರುತ್ತದೆ, ನಟ್ ಬಿಗಿಯುತ್ತಾ ಹೋದ ಹಾಗೆ ಅದು ಸ್ವಲ್ಪ ಸ್ವಲ್ಪ ಜಜ್ಜಿಕೊಂಡು ಬೇರಿಂಗ್‌ಗೆ ಬೇಕಾದ ಬಿಗಿ ಕೊಡುತ್ತದೆ. ಅದು ಒಂದೇ ಸಲದ ಸಾಮಾನು. ಬಿಗಿ ಹೆಚ್ಚಾದರೆ ನಟ್ ಹಿಂದಕ್ಕೆ ಸಡಿಲಿಸಿ ಸರಿ ಮಾಡಲು ಆಗುವುದಿಲ್ಲ, ಇನ್ನೊಂದು ಕೊಳವೆ ತಂದು ಮೊದಲಿನಿಂದ ಶುರು. ಹಾಗಾಗಿ ಸ್ವಲ್ಪ ಬಿಗಿದು ಅಳೆಯಬೇಕು, ಮತ್ತೆ ಸ್ವಲ್ಪ ಬಿಗಿದು ಅಳೆಯಬೇಕು.

ಅಳೆಯುವುದು ಯಾವುದರಲ್ಲಿ? ಅದಕ್ಕೆ ಬೆಲೆಬಾಳುವ ಟಾರ್ಕ್ ವ್ರೆಂಚ್ ಉಂಟು. ಮಾವ ಮೀನು ವ್ಯಾಪಾರಿಯ ಕಡೆ ನೋಡಿ, "ಕಾಕ, ನಿಮ್ಮ ಕೊಕ್ಕೆಯ ತಕ್ಕಡಿ ಕೊಡಿ" ಅಂದರು. ಫ್ಲ್ಯಾಂಜಿಗೆ ನೂಲು ಸುತ್ತಿ, ತುದಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ನಿಧಾನವಾಗಿ ಒಂದೇ ಸಮ ಎಳೆದರು. ಪಿನಿಯನ್ ತಿರುಗುತ್ತಾ ಇರುವಾಗ ಮುಳ್ಳು ತೋರಿಸುವ ಅಂಕಿಯೇ ಲೆಕ್ಕಕ್ಕೆ, ಮೊದಲು ಕದಲುವಾಗಿನದ್ದಲ್ಲ. ಆ ತೂಕವನ್ನು ನೂಲು ಸುತ್ತಿದ ಜಾಗದ ಅರ್ಧ ವ್ಯಾಸದಿಂದ ಗುಣಿಸಬೇಕು. ಉದಾಹರಣೆಗೆ ಅರ್ಧ ವ್ಯಾಸ 5 ಸೆಂಟಿಮೀಟರ್, ತಕ್ಕಡಿಯಲ್ಲಿ 2 ಕಿಲೋ ಬಂದರೆ 10 ಕಿಲೋ-ಸೆಂಟಿಮೀಟರ್. ಇದು ಲೆಕ್ಕ ತಿಳಿಯಲು ಹೇಳಿದ್ದು ಮಾತ್ರ, ನಿಮ್ಮ ಗಾಡಿಗೆ ಎಷ್ಟು ಎಂಬುದನ್ನು ಸರ್ವಿಸ್ ಪುಸ್ತಕದಲ್ಲೇ ನೋಡಬೇಕು. ಹೊಸ ಬೇರಿಂಗ್‌ಗೆ ಒಂದು ಅಂಕಿ, ಓಡಿದ ಬೇರಿಂಗ್‌ಗೆ ಅದಕ್ಕಿಂತ ಕಡಿಮೆ.

ಹಲ್ಲಿನ ಮೇಲಿನ ಅಚ್ಚು

ಕೂಡಿಸಿದ್ದು ಸರಿಯಾಯಿತೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ಹಲ್ಲುಗಳೇ. ಕ್ರೌನ್‌ನ ಕೆಲವು ಹಲ್ಲಿಗೆ ನೀಲಿ ಮಾರ್ಕಿಂಗ್ ಪೇಸ್ಟ್ ತೆಳ್ಳಗೆ ಸವರಿ, ಸ್ವಲ್ಪ ಬಿಗಿ ಹಿಡಿದು ಹಿಂದೆ ಮುಂದೆ ತಿರುಗಿಸಿದರೆ ಪಿನಿಯನ್ ತಾಗಿದ ಜಾಗದ ಅಚ್ಚು ಮೂಡುತ್ತದೆ. ಅಚ್ಚು ಹಲ್ಲಿನ ಮಧ್ಯಭಾಗದಲ್ಲಿ ಇದ್ದರೆ ಒಳ್ಳೆಯದು. ಹಲ್ಲಿನ ತುದಿಯಲ್ಲಿ ಇದ್ದರೆ ಪಿನಿಯನ್ ಕ್ರೌನ್‌ನಿಂದ ದೂರ ಉಳಿದಿದೆ, ಬುಡದಲ್ಲಿ ಇದ್ದರೆ ಹೆಚ್ಚು ಒಳಗೆ ಹೋಗಿದೆ. ಇವೆರಡಕ್ಕೂ ಮದ್ದು ಪಿನಿಯನ್ ಶಿಮ್. ಅಚ್ಚು ಕ್ರೌನ್‌ನ ಒಳಬದಿಗೆ ಸರಿದಿದ್ದರೆ ಕ್ರೌನ್ ತೀರ ಹತ್ತಿರ, ಹೊರಬದಿಗೆ ಸರಿದಿದ್ದರೆ ತೀರ ದೂರ. ಅದಕ್ಕೆ ಮದ್ದು ಬದಿಯ ಬಳೆ ಅಥವಾ ಬದಿಯ ಶಿಮ್.

ಹಳೆಯ ಗೇರ್‌ಗಳು ಇಷ್ಟು ವರ್ಷ ಒಂದೇ ಜಾಗದಲ್ಲಿ ಉಜ್ಜಿ ದಾರಿ ಮಾಡಿಕೊಂಡಿರುತ್ತವೆ. ಅವನ್ನು ಮರಳಿ ಅದೇ ಜಾಗಕ್ಕೆ ತರಬೇಕು. ನೋಟ್‌ಬುಕ್ಕಿನ ಪುಟ ಉಪಯೋಗಕ್ಕೆ ಬಂದದ್ದು ಇಲ್ಲಿ. ಬರೆದಿಟ್ಟ ಸಡಿಲಿನ ಅಂಕಿಗೆ ತಂದು ನಿಲ್ಲಿಸುವುದಕ್ಕೆ ಮಾವನಿಗೆ ಮೂರು ಸಲ ಬಳೆ ತಿರುಗಿಸಬೇಕಾಯಿತು. ಪುಟ ಇಲ್ಲದಿದ್ದರೆ ಯಾವ ಅಂಕಿಗೆ ತರುವುದು ಅಂತಲೇ ಗೊತ್ತಾಗುತ್ತಿರಲಿಲ್ಲ.

ಮನೆಯಲ್ಲಿ ಎಷ್ಟು, ಗ್ಯಾರೇಜಿನಲ್ಲಿ ಎಷ್ಟು?

ತಂದೆ-ಮಗನ ಚರ್ಚೆಗೆ ಉತ್ತರವೂ ಇದರಲ್ಲೇ ಉಂಟು. ಆಕ್ಸಲ್ ಎಳೆದು ಕ್ಯಾರಿಯರ್ ಇಳಿಸುವುದು, ಮರಳಿ ಏರಿಸುವುದು, ಸೀಲ್-ಗ್ಯಾಸ್ಕೆಟ್ ಹಾಕುವುದು, ಎಣ್ಣೆ ತುಂಬುವುದು, ಇಷ್ಟನ್ನು ಸರಿಯಾದ ಸ್ಟಾಂಡ್ ಇದ್ದರೆ ಇಬ್ಬರು ಮನೆಯಲ್ಲೇ ಮಾಡಬಹುದು. ಕೂಲಿಯ ದೊಡ್ಡ ಪಾಲು ಹೋಗುವುದು ಅದಕ್ಕೇ. ಪಿನಿಯನ್ ಕೂರಿಸುವುದು, ಸಡಿಲು ಅಳೆಯುವುದು ಮಾತ್ರ ಪ್ರೆಸ್ ಮತ್ತು ಡಯಲ್ ಗೇಜ್ ಇರುವವರ ಮೇಜಿನ ಮೇಲೇ ಆಗಲಿ. ಕ್ಯಾರಿಯರ್ ಅಲ್ಲಿಗೆ ಒಯ್ದು, ಹೇಗೆ ಮಾಡುತ್ತಾರೆ ಅಂತ ಪಕ್ಕದಲ್ಲಿ ನಿಂತು ನೋಡಿ. ಅಳತೆ ತೋರಿಸಿ ಅಂತ ಕೇಳಲು ನಾಚಿಕೆ ಬೇಡ.

ಗೇರೇ ಹೋಗಿದ್ದರೆ ಗುಜರಿ ಅಂಗಡಿಯಿಂದ ಇಡೀ ಕ್ಯಾರಿಯರ್ ತರುವುದೂ ಒಂದು ದಾರಿ. ಆದರೆ ತರುವ ಮೊದಲು ಕ್ರೌನ್ ಮತ್ತು ಪಿನಿಯನ್ ಹಲ್ಲು ಎಣಿಸಿ, ನಿಮ್ಮದರ ಜೊತೆ ತಾಳೆ ನೋಡಿ. ಲೆಕ್ಕ ಬೇರೆಯಾದರೆ ಗಾಡಿಯ ಎಳೆತವೂ ಬೇರೆಯಾಗುತ್ತದೆ. ಸ್ಪೀಡೋ ಮೀಟರ್ ಗೇರ್‌ಬಾಕ್ಸ್‌ನಿಂದ ಓಡುವ ಗಾಡಿಯಾದರೆ ಮೀಟರಿನ ಲೆಕ್ಕವೂ ತಪ್ಪುತ್ತದೆ. ಕೈಯಿಂದ ತಿರುಗಿಸಿದಾಗ ಗರಗರ ಅನ್ನುವುದನ್ನು ಎಷ್ಟು ಕಡಿಮೆಗೆ ಕೊಟ್ಟರೂ ತರಬೇಡಿ.

ಏರಿಸಿದ ಮೇಲೆ

ಬ್ರೀದರ್ ಊದಿ ಸ್ವಚ್ಛ ಮಾಡಿ. ಎಣ್ಣೆ ಸರ್ವಿಸ್ ಪುಸ್ತಕದಲ್ಲಿ ಹೇಳಿದ್ದೇ ಇರಲಿ. ಹೈಪಾಯ್ಡ್ ಗೇರ್‌ಗಳ ಹಲ್ಲು ಉರುಳುವುದರ ಜೊತೆಗೆ ಜಾರುತ್ತದೆ, ಅದನ್ನು ತಡೆಯುವ ಮದ್ದು ಸೇರಿಸಿದ ಎಣ್ಣೆಯ ಡಬ್ಬದಲ್ಲಿ ಜಿಎಲ್-5 ಅಂತ ಬರೆದಿರುತ್ತದೆ. ಇಂಜಿನ್ ಆಯಿಲ್ ಅದರ ಬದಲಿಗೆ ಆಗುವುದಿಲ್ಲ. ಬ್ರೇಕ್ ಪೈಪ್ ಬಿಚ್ಚಿದ್ದರೆ ಗಾಳಿ ತೆಗೆದು, ಪೆಡಲ್ ಗಟ್ಟಿ ಇದೆ ಅಂತ ಖಾತ್ರಿಯಾಗದೆ ಗೇಟು ದಾಟಬೇಡಿ.

ಮೊದಲ ಇಪ್ಪತ್ತು ನಿಮಿಷ ನಿಧಾನ ಓಡಿಸಿ, ನಿಲ್ಲಿಸಿ, ಪೂರ್ತಿ ತಣಿಯಲು ಬಿಡಿ. ಹೊಸ ಗೇರ್ ಹಾಕಿದ್ದರೆ ಮೊದಲ 800 ಕಿಲೋಮೀಟರ್ ಭಾರ ಹೇರದೆ ಓಡಿಸಿ, ಆ ಎಣ್ಣೆ ಇಳಿಸಿ ಹೊಸದು ಹಾಕುವುದು ಒಳ್ಳೆಯದು. ಇಳಿಸಿದ ಎಣ್ಣೆಯನ್ನು ತೋಡಿಗೆ, ತೆಂಗಿನ ಬುಡಕ್ಕೆ ಸುರಿಯಬೇಡಿ. ನಮ್ಮ ಬಾವಿಗಳು ಅಂಗಳದಲ್ಲೇ ಇರುವುದು. ಡಬ್ಬಕ್ಕೆ ತುಂಬಿಸಿ, ಹಳೆ ಎಣ್ಣೆ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಎರಡನೆಯ ಭಾನುವಾರ ಅಸ್ರ್ ಹೊತ್ತಿಗೆ ಆ ಒಮ್ನಿ ರಸ್ತೆಗೆ ಇಳಿಯಿತು, ಸೋಮವಾರ ಬೆಳಗ್ಗೆ ದಕ್ಕೆಗೂ ಹೋಯಿತು. ನೋಟ್‌ಬುಕ್ಕಿನ ಆ ಪುಟವನ್ನು ಹುಡುಗ ಪ್ಲಾಸ್ಟಿಕ್ ಕವರಿಗೆ ಹಾಕಿ ಆರ್‌ಸಿ ಜೊತೆಗೆ ಇಟ್ಟಿದ್ದಾನೆ. ತಾರೀಕು, ಕಿಲೋಮೀಟರ್, ಶಿಮ್‌ನ ದಪ್ಪ, ಸಡಿಲಿನ ಅಂಕಿ, ಹಾಕಿದ ಬೇರಿಂಗ್‌ಗಳ ನಂಬರ್ ಎಲ್ಲ ಅದರಲ್ಲಿ ಉಂಟು. ಮುಂದೆ ಯಾರು ಆ ಆಕ್ಸಲ್ ಬಿಚ್ಚಿದರೂ ಅವರಿಗೆ ಅದು ಬೇಕಾಗುತ್ತದೆ.